ಹೆಸರು ಬರೀಬ್ಯಾಡ, ಹಾಡು ಬರ್ಕೋ

48 ರೂಪಾಯಿ. ನಮ್ಮ ಸಭೆಯ ಇತಿಹಾಸವನ್ನು ನಾನು ಮಾರಿದ್ದು ಅಷ್ಟಕ್ಕೆ.

2021ರ ಡಿಸೆಂಬರ್. ವರ್ಕ್ ಫ್ರಂ ಹೋಮ್ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನ ಪಿಜಿ ಖಾಲಿ ಮಾಡಿ ಇಂಡಿ ತಾಲ್ಲೂಕಿನ ನಮ್ಮೂರಿಗೆ ಬಂದು ಕೂತಿದ್ದೆ. ಕ್ರಿಸ್‌ಮಸ್‌ಗೆ ಸುಣ್ಣ ಬಳಿಸಬೇಕು ಅಂತ ಅವ್ವ ಮನೆ ಸಾಮಾನೆಲ್ಲ ಅಂಗಳಕ್ಕೆ ಹಾಕಿದ್ದಳು. ಅಟ್ಟದ ಮೇಲಿದ್ದ ಮುತ್ಯಾನ ಕಬ್ಬಿಣದ ಟ್ರಂಕು ಇಳಿಸಿದವಳು ನಾನೇ. ತೆರೆದರೆ ಒಳಗೆ ಇಲಿ ಕಡಿದ ಉದ್ದನೆಯ ನೋಟ್‌ಬುಕ್ಕುಗಳು. ಒಂದನ್ನು ಬಿಚ್ಚಿ ನೋಡಿದೆ. ‘ಕಾಣಿಕೆ 2-25. ಸೀಮೆಎಣ್ಣೆ 1-10. ಉಳಿಕೆ 1-15.’ ಯಾವುದೋ ಹಳೇ ಅಂಗಡಿ ಲೆಕ್ಕ ಅಂದುಕೊಂಡೆ. ರದ್ದಿಯವ ಬಂದಾಗ ಪೇಪರ್ ಜೊತೆಗೆ ಅವನ್ನೂ ತಕ್ಕಡಿಗೆ ಹಾಕಿದೆ. 4 ಕಿಲೋ ಆಯಿತು. ಆ ದುಡ್ಡಿಗೆ ಭಜಿ ತರಿಸಿ ಎಲ್ಲರೂ ತಿಂದೆವು.

ಒಂದೂವರೆ ವರ್ಷದ ನಂತರ ನಮ್ಮ ಪಾಸ್ಟರ್ ಫೋನ್ ಮಾಡಿದರು. ‘ನೋಡವಾ, ಸಭಾ ಶುರುವಾಗಿ 50 ವರ್ಷ ಆತಂತ ಹಿರಿಯರು ಹೇಳ್ತಾರ. ಹಳೇ ಪತ್ರಾಸ್ ಶೆಡ್ ತೆಗೆದು ಆರ್‌ಸಿಸಿ ಮಾಡೋದೈತಿ. ಅದಕ್ಕೊಂದು ಸಣ್ಣ ಪುಸ್ತಕ ಮಾಡೋಣು. ನೀ ಕಂಪ್ಯೂಟರ್‌ದಾಕಿ, ನೀನ ಬರಿ. ನಿಮ್ಮ ಮುತ್ಯಾನ ಹತ್ರ ಎಲ್ಲಾ ಲೆಕ್ಕದ ಬುಕ್ ಇರ್ಬೇಕಲ್ಲ?’

ನನ್ನ ಬಾಯಿ ಒಣಗಿತು.

ಆಯಿಯ ಮುಂದೆ ಹೋಗಿ ತಪ್ಪು ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. ‘ಅವು ಅಂಗಡಿ ಲೆಕ್ಕಲ್ಲ ಯವ್ವಾ. ಪ್ರತಿ ಐತವಾರ ಯಾರ್ ಬಂದ್ರು, ಎಷ್ಟ ಕಾಣಿಕಿ ಬಿತ್ತು, ಯಾರಿಗೆ ಆರಾಮಿಲ್ಲ, ಎಲ್ಲಾ ನಿಮ್ಮ ಮುತ್ಯಾ ಅದರಾಗ ಬರೀತಿದ್ದ’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆತ ಬಿಡು. ಕಾಗದ ಹೋತು. ನಾ ಇನ್ನಾ ಅದೀನಲ್ಲ’ ಅಂದಳು.

ಆಕೆಗೆ ಆಗ 80ರ ಆಸುಪಾಸು.

ನಮ್ಮ ಕಾಗದ ಯಾಕೆ ಉಳಿಯಲಿಲ್ಲ?

ಬೇರೆ ಓದುಗರಿಗೆ ಇದನ್ನು ಒಂಚೂರು ಬಿಡಿಸಿ ಹೇಳಬೇಕು. ಪೆಂಟೆಕೋಸ್ಟ್ ಅಂದರೆ ಗ್ರೀಕ್ ಭಾಷೆಯಲ್ಲಿ ‘ಐವತ್ತನೆಯದು’. ಆ ಹಬ್ಬದ ದಿನ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಸಂಗತಿ ಸತ್ಯವೇದದಲ್ಲಿದೆ. ಅದೇ ಅನುಭವ ಇವತ್ತಿಗೂ ಆಗುತ್ತದೆ ಅನ್ನುವುದು ಪೆಂಟೆಕೋಸ್ಟಲ್‌ ಸಭೆಗಳ ನಂಬಿಕೆ. ಜೋರು ಪ್ರಾರ್ಥನೆ, ಚಪ್ಪಾಳೆ, ಉಪವಾಸ ಕೂಟ, ರೋಗಿಗಳ ಮೇಲೆ ಕೈಯಿಟ್ಟು ಬೇಡುವುದು, ನೀರಲ್ಲಿ ಪೂರ್ತಿ ಮುಳುಗಿಸಿ ಕೊಡುವ ದೀಕ್ಷಾಸ್ನಾನ ನಮ್ಮ ಗುರುತು.

ಈ ಚಳವಳಿ ಅಂದಕೂಡಲೇ ಎಲ್ಲರೂ 1906ರ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್ ಹೆಸರು ಹೇಳುತ್ತಾರೆ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್‌ನಲ್ಲಿ ಅಂಥದ್ದೇ ಒಂದು ಉಜ್ಜೀವನ ಆಗಿತ್ತು. ಅಲ್ಲಿದ್ದವರು ಬಹುಪಾಲು ವಿಧವೆಯರು, ಬರದಲ್ಲಿ ಅನಾಥರಾದ ಹೆಣ್ಣುಮಕ್ಕಳು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ ಪಶ್ಚಿಮಘಟ್ಟದ ಕಾಡಿನಲ್ಲಿ. ಕೇಡಗಾಂವ ಇರುವುದು ಪುಣೆ–ಸೊಲ್ಲಾಪುರ ರೈಲು ಹಳಿಯ ಮೇಲೆ. ಸೊಲ್ಲಾಪುರದಿಂದ ಇತ್ತ ಹೊರಟರೆ ಹೋಟಗಿ ದಾಟಿ ಇಂಡಿ ರೋಡ್ ಸ್ಟೇಷನ್. ನಮ್ಮ ಸಭೆ ಅಲ್ಲಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಚಿಕ್ಕಂದಿನಿಂದ ‘ನಿಮ್ದು ಅಮೆರಿಕದ್ದು’ ಅಂತ ಕ್ಲಾಸಿನಲ್ಲಿ ಅನ್ನಿಸಿಕೊಂಡ ನನಗೆ ಈ ಸಂಗತಿ ಗೊತ್ತಾದಾಗ ಬೆನ್ನು ನೆಟ್ಟಗಾದಂತಾಯಿತು.

ಇನ್ನು ಕಾಗದದ ವಿಷಯ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ಏನೇ ಮಾಡಿದರೂ ಸ್ವಿಟ್ಜರ್ಲೆಂಡಿನ ಮುಖ್ಯ ಕಚೇರಿಗೆ ವರದಿ ಬರೆಯಲೇಬೇಕಿತ್ತು. ಹಾಗಾಗಿ ಇವತ್ತು ಅವರ ಪತ್ರ, ಫೋಟೊ, ನಕ್ಷೆಗಳು ಬಾಸೆಲ್‌ನಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೇ ದಾಖಲೆಗಳಿವೆ. ಕ್ಯಾಥೊಲಿಕ್ ಚರ್ಚಿನಲ್ಲಿ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರ್ ಇಡುವುದು ನಿಯಮ. ನಮ್ಮ ಸಣ್ಣ ಸ್ವತಂತ್ರ ಸಭೆಗಳಿಗೆ ಬಿಷಪ್ ಇಲ್ಲ, ಹೆಡ್ ಆಫೀಸ್ ಇಲ್ಲ, ವರದಿ ಕೇಳುವವರೂ ಇಲ್ಲ. ಪಡಸಾಲೆಯಲ್ಲಿ ಶುರುವಾಗಿ ಶೆಡ್ಡಿಗೆ ಬಂದ ಸಭೆಗಳು ಇವು. ಯಾರೂ ಕೇಳದ್ದನ್ನು ಬರೆದಿಡುವವರು ಕಡಿಮೆ. ಬರೆದಿಟ್ಟ ಒಬ್ಬ ಮುತ್ಯಾನ ಪುಸ್ತಕವನ್ನು ಮೊಮ್ಮಗಳು ರದ್ದಿಗೆ ಹಾಕಿದಳು.

ಈ ಮಣ್ಣಿಗೆ ಇದು ಹೊಸದಲ್ಲ

ಮೊದಮೊದಲು ನನಗೆ ಇದು ದೊಡ್ಡ ಓದಿನವರ ಕೆಲಸ ಅನ್ನಿಸಿತ್ತು. ಆಮೇಲೆ ನಮ್ಮ ಜಿಲ್ಲೆಯನ್ನೇ ನೆನೆದೆ. ನಮ್ಮೂರಿನಿಂದ ದೂರವೇನಿಲ್ಲದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದುದನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಮನೆಮನೆಯಿಂದ ತಾಡೋಲೆ ಕಟ್ಟು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. 1925ರಲ್ಲಿ ತಮ್ಮದೇ ಪ್ರೆಸ್ ಹಾಕಿದರು. ಅಟ್ಟದ ಮೇಲೆ, ಅಡುಗೆಮನೆಯಲ್ಲಿ ಇದ್ದದ್ದನ್ನು ಅವರು ಆಗ ಎತ್ತಿಕೊಳ್ಳದಿದ್ದರೆ ಎಷ್ಟು ಹೋಗುತ್ತಿತ್ತೋ.

ಅವರ ಮುಂದೆ ನಾನು ಎಷ್ಟರವಳು? ಆದರೆ ಕೆಲಸದ ಜಾತಿ ಒಂದೇ. ಮನೆಗೆ ಹೋಗಬೇಕು, ಕೂರಬೇಕು, ಕೇಳಬೇಕು. ನನ್ನ ಹತ್ತಿರ ಅವರಿಗಿಲ್ಲದ ಒಂದು ಸಾಧನ ಇತ್ತು. ಜೇಬಿನಲ್ಲಿರುವ ಫೋನು.

ನಾಲ್ಕು ತಾಲ್ಲೂಕು, ಒಂದು ಬೈಕು

ಮೊದಲ ತೊಡಕು ಇಸವಿಯದ್ದು. ಸಭೆ ಶುರುವಾದದ್ದು ಯಾವಾಗ ಅಂದರೆ ಒಬ್ಬರು 1970 ಅಂದರು, ಇನ್ನೊಬ್ಬರು 1978. ಆಯಿಯನ್ನು ಕೇಳಿದೆ. ‘ಇಸ್ವಿ ಗಿಸ್ವಿ ನಂಗ ತಿಳಿಯಂಗಿಲ್ಲ. ಬರಗಾಲ ಬಿದ್ದು ಕೆಂಪ ಜೋಳ ತಿಂದ್ವಲ್ಲ, ಅದರ ಮುಂದಿನ ಮಳಿಗಾಲ’ ಅಂದಳು. 1972ರ ಬರ ನಮ್ಮ ಕಡೆ ಯಾರೂ ಮರೆತಿಲ್ಲ. ಅಂದರೆ 1973. ಸಿಕ್ಕಿತು ಉತ್ತರ.

ಅವತ್ತಿನಿಂದ ‘ಯಾವ ವರ್ಷ?’ ಅಂತ ಕೇಳುವುದನ್ನೇ ಬಿಟ್ಟೆ. ‘ಬರಗಾಲಕ್ಕಿಂತ ಮೊದಲೋ ಆಮೇಲೋ? ಇಂದಿರಾ ಗಾಂಧಿ ತೀರಿಕೊಂಡಾಗ ಗೋಡೆ ಎದ್ದಿತ್ತೋ ಇಲ್ಲೋ? ಕಿಲ್ಲಾರಿ ಭೂಕಂಪದ ರಾತ್ರಿ ಎಲ್ಲಿ ಮಲಗಿದ್ದಿರಿ?’ ಅಂತ ಕೇಳತೊಡಗಿದೆ. 1972, 1984, 1993. ಹಿರಿಯರ ನೆನಪಿನ ಕ್ಯಾಲೆಂಡರ್ ಇದೇ. ಪಂಚಾಯ್ತಿಯ ಉತಾರ, ಮೊದಲ ಕರೆಂಟ್ ಬಿಲ್ಲು, ಮದುವೆ ಆಮಂತ್ರಣದ ಹಿಂಬದಿ ಇವೆಲ್ಲ ಅದಕ್ಕೆ ಸಾಕ್ಷಿ ಹೇಳಿದವು.

ಪಾಸ್ಟರ್ ಪಕ್ಕದ ತಾಲ್ಲೂಕಿನ ಸಭೆಗಳವರ ನಂಬರ್ ಕೊಟ್ಟರು. ಒಂದು ವಾರ ರಜೆ ಹಾಕಿ ತಮ್ಮನ ಬೈಕ್ ಹತ್ತಿದೆ.

ಸಿಂದಗಿ ಕಡೆ ಭೀಮಾ ದಂಡೆಯ ಒಂದು ಊರು. ಅಲ್ಲಿಯ ಸಭೆಯಲ್ಲಿ ರಿಜಿಸ್ಟರ್ ಇತ್ತು. ಆದರೆ 2020ರ ಅಕ್ಟೋಬರ್ ಪ್ರವಾಹದಲ್ಲಿ ಮೂರು ದಿನ ನೀರಲ್ಲಿತ್ತು. ಪಾಸ್ಟರಮ್ಮ ಅದನ್ನು ಬಿಸಿಲಿಗೆ ಒಣಗಿಸಿ, ಹಾಳೆ ಹಾಳೆ ಬಿಡಿಸಿ, ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಇಂಕ್ ಪೆನ್ನಿನಲ್ಲಿ ಬರೆದದ್ದೆಲ್ಲ ನೀಲಿ ಮೋಡದ ಹಾಗೆ ಹರಡಿತ್ತು. ಪೆನ್ಸಿಲ್‌ನಲ್ಲಿ ಬರೆದ ಸಾಲು ಮಾತ್ರ ನಿನ್ನೆ ಬರೆದಂತಿತ್ತು. ಫೋಟೊದ ಹಿಂದೆ ಬರೆಯಲು ಅವತ್ತಿನಿಂದ ನಾನು ಪೆನ್ಸಿಲ್ ಬಿಟ್ಟು ಬೇರೆ ಮುಟ್ಟಿಲ್ಲ.

ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಒಬ್ಬ ಕಾಕಾ ನಕ್ಕುಬಿಟ್ಟರು. ‘ನಮ್ಮ ಸಭಾದ ಇತಿಹಾಸ ಇಲ್ಲೆಲ್ಲಿ ಹುಡುಕ್ತೀಯವಾ? ಅದು ಗೋವಾದಾಗ ಐತಿ.’ ದುಡಿಯಲು ಹೋದವರು ಅಲ್ಲಿಯ ಕಟ್ಟಡ ಕೆಲಸದ ಜೋಪಡಿಯಲ್ಲಿ ರಾತ್ರಿ ಪ್ರಾರ್ಥನೆಗೆ ಕೂಡುತ್ತಿದ್ದರು. ಕಾರಹುಣ್ಣಿಮೆಗೆ ಊರಿಗೆ ಬಂದಾಗ ಆ ಹಾಡುಗಳನ್ನು ಜೊತೆಗೆ ತಂದರು. ಒಂದೇ ಹಾಡಿನಲ್ಲಿ ಕನ್ನಡ, ಮರಾಠಿ, ಒಂದೆರಡು ಕೊಂಕಣಿ ಪದ. ಮೊದಲ ವರ್ಷಗಳ ಕ್ಯಾಸೆಟ್ ಒಂದನ್ನು ಕಾಕಾ ಜೋಪಾನ ಮಾಡಿದ್ದರು. ಹಾಕಿ ಕೇಳಲು ಮನೆಯಲ್ಲಿ ಟೇಪ್ ಇರಲಿಲ್ಲ. ವಿಜಯಪುರದಲ್ಲಿ ಹಳೇ ಟೇಪ್‌ರೆಕಾರ್ಡರ್ ಒಂದನ್ನು ಹುಡುಕಿ ಹಾಕಿದಾಗ ಮೊದಲು ಕೇಳಿಸಿದ್ದು ಮಗುವಿನ ಅಳು, ಆಮೇಲೆ ಢೋಲಕ್. ಕಾಕಾ ತಲೆ ತಗ್ಗಿಸಿ ಕೂತರು. ಅಳುತ್ತಿದ್ದ ಮಗು ಈಗ ಅಲ್ಲಿಯ ಪಾಸ್ಟರ್.

ಬಸವನ ಬಾಗೇವಾಡಿ ಕಡೆ, ಆಗ ಆ ತಾಲ್ಲೂಕಿಗೇ ಸೇರಿದ್ದ ಕೊಲ್ಹಾರದ ಸುತ್ತ, ಆಲಮಟ್ಟಿ ಹಿನ್ನೀರಿಗೆ ಊರೇ ಜಾಗ ಬದಲಿಸಿವೆ. ಅಲ್ಲಿಯ ಒಬ್ಬ ಹಿರಿಯರು ಹೊಳೆಯ ಕಡೆ ಕೈ ತೋರಿಸಿ, ‘ನಮ್ಮ ಮೊದಲ ಸಭಾ ಅಲ್ಲಿ, ನೀರ ಕೆಳಗ’ ಅಂದರು. ಪರಿಹಾರದ ಪಟ್ಟಿಯಲ್ಲಿ ಅದು ಬರೀ ‘ಮನೆ’. ಆರಾಧನೆ ನಡೆಯುತ್ತಿದ್ದ ಜಾಗ ಅಂತ ಯಾವ ಕಾಗದದಲ್ಲೂ ಇಲ್ಲ. ಬಿಡುವ ದಿನ ಹೊಸ್ತಿಲ ಕಲ್ಲನ್ನು ಕಿತ್ತು ಚಕ್ಕಡಿಯಲ್ಲಿ ತಂದಿದ್ದರು. ಈಗ ಪುನರ್ವಸತಿ ಕೇಂದ್ರದ ಹೊಸ ಸಭೆಯ ಬಾಗಿಲಿಗೆ ಅದೇ ಕಲ್ಲು. ದಾಟುವ ಹುಡುಗರಿಗೆ ಅದು ಕಲ್ಲು ಮಾತ್ರ. ನಾನು ಅದರ ಫೋಟೊ ತೆಗೆದು, ಅವರು ಹೇಳಿದ್ದನ್ನು ಅವರದೇ ದನಿಯಲ್ಲಿ ಹಿಡಿದುಕೊಂಡೆ.

ಸಾಕ್ಷಿಯಲ್ಲಿ ಹೇಳದ ಮಾತು

ಇಷ್ಟೆಲ್ಲ ತಿರುಗಿ ಬಂದಮೇಲೂ ನಮ್ಮ ಸಭೆಯ ಕಥೆ ನನಗೆ ಗೊತ್ತಿದೆ ಅಂತಲೇ ಅಂದುಕೊಂಡಿದ್ದೆ. ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಕೇಳಿದ ಕಥೆ ಅದು. ಮುತ್ಯಾ, ಆಯಿ ದುಡಿಯಲು ಸೊಲ್ಲಾಪುರಕ್ಕೆ ಹೋಗಿದ್ದರು. ಅಲ್ಲಿ ಅವರ ಮಗುವಿಗೆ ಜೋರು ಜ್ವರ ಬಂತು. ಪಕ್ಕದ ಖೋಲಿಯ ಹೆಂಗಸೊಬ್ಬಳು ಪ್ರಾರ್ಥಿಸಿದಳು. ಮಗು ಎದ್ದು ಕೂತಿತು. ಮುತ್ಯಾ ನಂಬಿದ, ಊರಿಗೆ ಬಂದ, ಸಭೆ ಶುರುವಾಯಿತು. ಚಪ್ಪಾಳೆ.

ಒಂದು ಸಂಜೆ ಆಯಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಫೋನನ್ನು ಮರದ ಮೇಲೆ ಆನಿಸಿಟ್ಟು, ರೆಕಾರ್ಡ್ ಆಗುತ್ತಿದೆ ಅಂತ ಹೇಳಿಯೇ ಕೇಳಿದೆ. ‘ಆಯಿ, ಆ ಕೂಸು ಯಾರು? ನಮ್ಮಪ್ಪನಾ?’

‘ಅಲ್ಲ. ನಿಮ್ಮಪ್ಪಗಿಂತ ದೊಡ್ಡಂವ.’

ನಮ್ಮಪ್ಪನಿಗೆ ಅಣ್ಣನಿದ್ದ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಆ ಮಗು ಅವತ್ತು ಎದ್ದದ್ದು ನಿಜ. ಮತ್ತೆ ಎರಡು ವರ್ಷ ಬದುಕಿತು. ಬರಗಾಲದ ಮರುವರ್ಷ, ಊರಿಗೆ ಬಂದಮೇಲೆ, ವಾಂತಿ ಭೇದಿಯಾಗಿ ಒಂದೇ ರಾತ್ರಿಯಲ್ಲಿ ಹೋಯಿತು. ‘ದೇವರ ಬಿಟ್ಟ ಬ್ಯಾರೆ ದೇವರ ಹಿಡಿದ್ರಲ್ಲ, ನೀವ ನೋಡ್ಕೋರಿ’ ಅಂತ ಭಾವಬಂಧುಗಳು ಬರಲಿಲ್ಲ. ಹೂಳಲು ಜಾಗ ತೋರಿಸುವವರೂ ಇರಲಿಲ್ಲ. ಮುತ್ಯಾ ಸೊಲ್ಲಾಪುರಕ್ಕೆ ಯಾರದೋ ಕೈಯಲ್ಲಿ ಸುದ್ದಿ ಕಳಿಸಿದ. ಆ ಪಕ್ಕದ ಖೋಲಿಯ ಹೆಂಗಸು ನಾಲ್ಕು ಮಂದಿಯನ್ನು ಕರೆದುಕೊಂಡು ರೈಲಿನಲ್ಲಿ ಇಂಡಿ ರೋಡಿಗೆ ಬಂದು, ಅಲ್ಲಿಂದ ನಡೆದು ಬಂದಳು. ಅಷ್ಟು ಹೊತ್ತಿಗೆ ಮುತ್ಯಾ ಮತ್ತು ಆಯಿ ಇಬ್ಬರೇ ಬದುವಿನ ಮೇಲೆ ಕುಣಿ ತೋಡಿ ಮಣ್ಣು ಕೊಟ್ಟಾಗಿತ್ತು. ಬಂದವರು ಅವತ್ತು ರಾತ್ರಿ ವಾಪಸು ಹೋಗಲಿಲ್ಲ. ಒಂದು ವಾರ ನಮ್ಮ ಪಡಸಾಲೆಯಲ್ಲಿ ಮಲಗಿದರು. ರೊಟ್ಟಿ ಬಡಿದರು, ನೀರು ತಂದರು, ಸಂಜೆ ಚಿಮಣಿ ಹಚ್ಚಿ ಹಾಡಿದರು. ಹಾಡು ಕೇಳಿ ಓಣಿಯ ಇಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತರು.

‘ಅದ ಮೊದಲನೇ ಸಭಾ’ ಅಂದಳು ಆಯಿ. ‘ಕೂಸು ಎದ್ದ ದಿನ ಅಲ್ಲ. ಹೋದ ದಿನ.’

‘ಮತ್ತ ಇಷ್ಟ ವರ್ಷ ಸಾಕ್ಷಿಯೊಳಗ ಯಾಕ ಹೇಳಿಲ್ಲ?’

‘ಸಾಕ್ಷಿ ಅಂದ್ರ ದೇವರು ಮಾಡಿದ್ದು ಹೇಳೋದು. ಮಂದಿಗೆ ಧೈರ್ಯ ಬರಬೇಕಲ್ಲ. ಇದನ್ನ ಹೇಳಿದ್ರ ಯಾರ ಚಪ್ಪಾಳಿ ಬಡೀತಾರ?’ ಮರದಲ್ಲಿ ಜೋಳ ಹಾರಿಸುತ್ತಾ ಇದ್ದವಳು ಕೈ ನಿಲ್ಲಿಸಿದಳು. ‘ಆದ್ರ ದೇವರು ಅವಾಗೂ ಬಂದಿದ್ದ ಯವ್ವಾ. ರೈಲಿನಾಗ ಬಂದಿದ್ದ.’

ಮುತ್ಯಾನ ನೋಟ್‌ಬುಕ್ಕುಗಳಲ್ಲಿ ಈ ಮಾತು ಇತ್ತೋ ಇಲ್ಲವೋ. ಇದ್ದರೆ ನಾನು ಅದನ್ನೂ 48 ರೂಪಾಯಿಗೆ ಕೊಟ್ಟಿದ್ದೆ.

ಹೆಸರಿನ ಪ್ರಶ್ನೆ

ಬರೆಯಲು ಕೂತಾಗ ಆ ಸೊಲ್ಲಾಪುರದ ಹೆಂಗಸಿನ ಹೆಸರು ಕೇಳಿದೆ. ಆಯಿ ಹೇಳಿದಳು. ಕೂಸಿನ ಹೆಸರೂ ಹೇಳಿದಳು. ಬಾಗಿಲಲ್ಲಿ ನಿಂತ ಇಬ್ಬರ ಹೆಸರೂ. ಆಮೇಲೆ ನನ್ನ ಕೈ ಹಿಡಿದು, ‘ಹೆಸರು ಬರೀಬ್ಯಾಡ, ಹಾಡು ಬರ್ಕೋ’ ಅಂದಳು.

ನನಗೆ ಸಿಟ್ಟು ಬಂತು. ಹೆಸರಿಲ್ಲದ ಇತಿಹಾಸ ಎಂಥದ್ದು? ಆದರೆ ಆಯಿಗೆ ಲೋಕ ಗೊತ್ತು. ನಮ್ಮ ಸಭೆಗಳಿಗೆ ಬಂದ ಬಹಳ ಮನೆಗಳು ಊರ ಹೊರಗಿನ ಕೇರಿಯವು. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮ ಬಿಟ್ಟು ಬೇರೆ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಯಾವ ಮನೆಯ ಯಾವ ಮೊಮ್ಮಗ ಯಾವ ಸರ್ಟಿಫಿಕೇಟ್ ಮೇಲೆ ಓದುತ್ತಿದ್ದಾನೋ. ಒಂದೇ ಮನೆಯಲ್ಲಿ ಅತ್ತೆ ಸಭೆಗೆ, ಸೊಸೆ ಗುಡಿಗೆ ಹೋಗುವುದೂ ಇದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ಕಾಯ್ದೆ ಬಂದಮೇಲೆ ದೀಕ್ಷಾಸ್ನಾನದ ಪಟ್ಟಿ ತೋರಿಸಲೂ ಎಷ್ಟೋ ಹಿರಿಯರು ಹಿಂಜರಿದದ್ದನ್ನು ಆ ಒಂದು ವಾರದಲ್ಲಿ ನಾನೇ ನೋಡಿದ್ದೆ. ನಾನು ಉತ್ಸಾಹದಲ್ಲಿ ಅಚ್ಚು ಹಾಕಿದ ಒಂದು ಹೆಸರು ಇನ್ನೊಬ್ಬರ ಮನೆಯ ನೆಮ್ಮದಿ ಕೆಡಿಸಬಹುದು.

ಕಾಗದ ಕಳೆದು ಒಂದು ತಪ್ಪು ಮಾಡಿದ್ದೆ. ಸಿಕ್ಕದ್ದನ್ನೆಲ್ಲ ಅಚ್ಚು ಹಾಕಿದ್ದರೆ ಅದು ಎರಡನೆಯ ತಪ್ಪಾಗುತ್ತಿತ್ತು. ಇದು ಗೊತ್ತಾಗಲು ನನಗೆ ಆಯಿ ಬೇಕಾದಳು. ಕಥೆ ಹೇಳಿದವರದು. ಎಷ್ಟು ಹೊರಗೆ ಬರಬೇಕು ಅನ್ನುವ ಹಕ್ಕೂ ಅವರದೇ.

ಕೊನೆಗೆ ಪಾಸ್ಟರ್ ಮತ್ತು ಹಿರಿಯರ ಜೊತೆ ಕೂತು ಒಂದು ದಾರಿ ಮಾಡಿಕೊಂಡೆವು. ಎರಡು ಪ್ರತಿ. ಒಂದು ಎಲ್ಲರಿಗೂ ಹಂಚುವ 24 ಪುಟದ ಪುಸ್ತಕ. ಅದರಲ್ಲಿ ಘಟನೆ, ಜಾಗ, ಹಾಡು, ಒಪ್ಪಿಗೆ ಕೊಟ್ಟವರ ಫೋಟೊ ಮಾತ್ರ. ಇನ್ನೊಂದು ಪೂರ್ತಿ ಹೆಸರು, ಪೂರ್ತಿ ದನಿ ಇರುವುದು. ಅದು ಪೆನ್‌ಡ್ರೈವ್‌ನಲ್ಲಿ ಮತ್ತು ಲಕೋಟೆಯಲ್ಲಿ. ಹೇಳಿದವರ ಮನೆಯವರನ್ನು ಕೇಳದೆ ತೆರೆಯುವಂತಿಲ್ಲ ಅಂತ ಮೇಲೆ ಬರೆದಿದೆ.

‘1973ರಲ್ಲಿ ಸ್ಥಾಪನೆ’ ಅಂತ ಹಾಕೋಣ ಅಂದರು ಒಬ್ಬರು. ನಾನು ‘ಬರಗಾಲದ ಮರುವರ್ಷ, ಒಂದು ಮನೆಯ ಪಡಸಾಲೆಯಲ್ಲಿ, ಒಂದು ಮಗುವಿಗೆ ಮಣ್ಣು ಕೊಟ್ಟ ದಿನ’ ಅಂತ ಬರೆದಿದ್ದೆ. ಹಿರಿಯರೊಬ್ಬರು ಬಹಳ ಹೊತ್ತು ಓದಿ, ‘ಇರಲಿ’ ಅಂದರು. ಪುಸ್ತಕ ಹಂಚಿದ ಐತವಾರ ಆ ಪುಟ ಓದಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ಬಂದು ಆಯಿಯ ಪಕ್ಕದಲ್ಲಿ ಕೂತಳು. ಹಿಂದಿನ ವರ್ಷ ಆಕೆಯ ಮಗ ತೀರಿಕೊಂಡಿದ್ದ. ಅದುವರೆಗೆ ಆಕೆ ಸಾಕ್ಷಿ ಹೇಳಲು ಎದ್ದೇ ಇರಲಿಲ್ಲ.

ನೀವೂ ಒಮ್ಮೆ ಕೇಳಿ

ಇದು ನಮ್ಮ ಸಭೆಗಷ್ಟೇ ಅಲ್ಲ. ನಿಮ್ಮೂರಿನ ಭಜನಾ ಮೇಳ, ದರ್ಗಾ, ಸಣ್ಣ ಗುಡಿ, ಗರಡಿಮನೆ ಯಾವುದೇ ಇರಲಿ, ಲೆಕ್ಕ ಬರೆದಿಟ್ಟ ಒಬ್ಬ ಮುತ್ಯಾ ಇದ್ದೇ ಇರುತ್ತಾನೆ. ಲೆಕ್ಕಕ್ಕೆ ಸಿಗದ್ದನ್ನು ನೆನಪಿಟ್ಟ ಒಬ್ಬ ಆಯಿ ಇದ್ದೇ ಇರುತ್ತಾಳೆ.

ಊರಿಗೆ ಹೋದಾಗ ಟ್ರಂಕು ತೆರೆಯಿರಿ, ಆದರೆ ರದ್ದಿಯವನನ್ನು ಕರೆಯುವ ಮೊದಲು ಪುಟ ತಿರುಗಿಸಿ. ಹಳೇ ಫೋಟೊವನ್ನು ಬೆಳಕಿರುವ ಕಡೆ ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಹೋಗುತ್ತದೆ. ಮೂರು ಪ್ರತಿ ಇಡಿ, ಒಂದು ಬೇರೆ ಊರಿನಲ್ಲಿರಲಿ. ರೆಕಾರ್ಡ್ ಮಾಡುವ ಮುಂಚೆ ಹೇಳಿ ಮಾಡಿ. ಮುಗಿದಮೇಲೆ ಅವರಿಗೇ ಕೇಳಿಸಿ, ‘ಇದನ್ನ ಯಾರಿಗೆ ಹೇಳಲಿ, ಯಾರಿಗೆ ಬ್ಯಾಡ?’ ಅಂತ ಕೇಳಿ.

ಆಯಿಗೂ ಆಕೆಯ ಹಾಡು ಕೇಳಿಸಿದೆ. ಸೊಲ್ಲಾಪುರದ ಆ ಹೆಂಗಸು ಬೀಸುಕಲ್ಲಿನ ಧಾಟಿಗೆ ಕಟ್ಟಿದ ಹಾಡು ಅದು. ಪೂರ್ತಿ ಕೇಳಿ, ‘ನಡುವಿನ ಎರಡ ಸಾಲು ತಪ್ಪಿದೆ, ಮತ್ತ ಹಚ್ಚು’ ಅಂದಳು. ಈಗ ಫೋನಿನಲ್ಲಿ ಎರಡು ರೆಕಾರ್ಡಿಂಗ್ ಇವೆ. ತಪ್ಪಿದ್ದನ್ನೂ ಅಳಿಸಿಲ್ಲ.